ಮೊಳೆಪೆಟ್ಟಿಗೆಯ ಮೂರನೇ ಖಾನೆ

ಕಳೆದ ತಿಂಗಳು ನರಸಿಂಹರಾಜಪುರದಲ್ಲಿ ಬಸ್ಸಿಳಿದು ತಾಲ್ಲೂಕು ಕಚೇರಿಯ ಕಡೆ ನಡೆಯುತ್ತಿದ್ದೆ. ರಸ್ತೆ ಬದಿಯ ಯಾವುದೋ ಪ್ರೆಸ್ಸಿನೊಳಗೆ ಯಂತ್ರದ ರೋಲರು ತೊಳೆಯುತ್ತಿದ್ದರೆಂದು ಕಾಣುತ್ತದೆ. ಸೀಮೆಎಣ್ಣೆ ಮತ್ತು ಮಸಿ ಬೆರೆತ ವಾಸನೆ ಬಿಸಿಲಿನ ಜೊತೆಗೇ ಮುಖಕ್ಕೆ ಬಂತು. ಬೇರೆಯವರಿಗೆ ಮದುವೆಯೆಂದರೆ ಮಲ್ಲಿಗೆಯ ವಾಸನೆ, ಹೋಳಿಗೆಯ ವಾಸನೆ. ನನಗೆ ಮಾತ್ರ ಇದು. ಕಚೇರಿಯ ಕೆಲಸ ಹಾಗಿರಲಿ ಎಂದು ಅಲ್ಲೇ ಒಂದು ಅಂಗಡಿಯ ಕಟ್ಟೆಯ ಮೇಲೆ ಐದು ನಿಮಿಷ ಕುಳಿತೆ. ಅಂಗಡಿಯವರು ಏನು ಬೇಕು ಎಂದು ಎರಡು ಸಲ ಕೇಳಿದ ಮೇಲೆ ನಾಚಿಕೆಯಾಗಿ ಒಂದು ಸೋಡಾ ತೆಗೆದುಕೊಂಡೆ.

ನಾನು ಭಂಡಿಗಡಿಯವಳು. ಈಗ ಕೊಪ್ಪದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಅದಕ್ಕೂ ಮೊದಲು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂದ ಮೇಲೆ ಒಂದು ದಿನ ಎದ್ದು ಹೋಗಲೇಬೇಕಲ್ಲ, ಹಾಗೆ ಎದ್ದು ಬಂದೆ. ಅದು ಕೊರೊನಾ ಕಳೆದು ಜನ ಮತ್ತೆ ಧೈರ್ಯವಾಗಿ ಮದುವೆ ಮಾಡತೊಡಗಿದ ವರ್ಷ. ಎರಡು ವರ್ಷದಿಂದ ತಡೆದುಕೊಂಡಿದ್ದ ಮದುವೆಗಳೆಲ್ಲ ಒಟ್ಟಿಗೇ ಬಂದಿದ್ದವು. ನರಸಿಂಹರಾಜಪುರದ ಪ್ರೆಸ್ಸೊಂದರಲ್ಲಿ ಕೆಲಸಕ್ಕೆ ಜನ ಬೇಕಂತೆ ಎಂದು ಯಾರೋ ಹೇಳಿದರು. ಮಾಘಮಾಸದ ಒಂದು ಬೆಳಿಗ್ಗೆ, ಡಿಗ್ರಿಯ ಪ್ರಮಾಣಪತ್ರಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಪ್ರೆಸ್ಸಿನ ಯಜಮಾನರು ಬಸವರಾಜಪ್ಪ. ಅವರು ಆ ಕವರನ್ನು ಬಿಚ್ಚಲೂ ಇಲ್ಲ. ಕನ್ನಡ ಟೈಪಿಂಗ್ ಬರುತ್ತದೆಯೇ ಎಂದಷ್ಟೇ ಕೇಳಿದರು. ಬರುತ್ತದೆ ಎಂದೆ. ಹಾಗಾದರೆ ಕುಳಿತುಕೊಳ್ಳಿ ಎಂದರು.

ಅಲ್ಲಿದ್ದದ್ದು ನಾವು ಮೂವರೇ. ಯಂತ್ರ ಓಡಿಸುವುದು, ಮಸಿ ಬೆರೆಸುವುದು, ಸ್ಕೂಟರಿನಲ್ಲಿ ಕೊಪ್ಪ, ಶೃಂಗೇರಿ ಎಂದು ಅಚ್ಚಾದ ಕರೆಯ ಕಾಗದ ತಲುಪಿಸುವುದು ಬಸವರಾಜಪ್ಪನವರ ಕೆಲಸ. ಟೈಪಿಂಗು ನನ್ನದು. ಮೂರನೆಯವರು ಖಾದರ್ ಸಾಹೇಬರು. ಊರೆಲ್ಲ ಅವರನ್ನು ಸಾಬರು ಎನ್ನುತ್ತಿತ್ತು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಿಂದ ಅವರು ಅಲ್ಲಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಸುಮ್ಮನೆ ಕುಳಿತಾಗಲೂ ಬಲಗೈಯ ಬೆರಳುಗಳು ಮೇಜಿನ ಮೇಲೆ ಏನನ್ನೋ ಹೆಕ್ಕುತ್ತಲೇ ಇರುತ್ತಿದ್ದವು. ಹೆಕ್ಕಲು ಮೊಳೆ ಇಲ್ಲವಾಗಿ ವರ್ಷಗಳು ಕಳೆದಿದ್ದರೂ ಬೆರಳಿಗೆ ಅದು ತಿಳಿದಂತಿರಲಿಲ್ಲ. ನನ್ನನ್ನು ಮೊದಲ ದಿನದಿಂದಲೇ ಟೀಚರಮ್ಮ ಎಂದರು. ಕೆಲಸ ಹೋದ ಮೇಲೂ ಆ ಹೆಸರು ಉಳಿಸಿಕೊಟ್ಟರೆಂದು ಒಳಗೊಳಗೇ ಖುಷಿಯಾಯಿತು.

ಪ್ರೆಸ್ಸಿನ ಏಕೈಕ ಕಂಪ್ಯೂಟರಿನಲ್ಲಿ ಸಾಬರೇ ಬರೆದ ಒಂದು ಪ್ರೋಗ್ರಾಂ ಇತ್ತು. ಹೆಸರು ಮೊಳೆಪೆಟ್ಟಿಗೆ. ಕಂಪ್ಯೂಟರ್ ಬಂದ ಹೊಸದರಲ್ಲಿ ಸೀಸದ ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿದಾಗ, ಇನ್ನು ನನಗೇನು ಕೆಲಸ ಎಂದು ಕೂರದೆ, ಟೈಪಿಂಗ್ ಸ್ಕೂಲಿನ ಮೇಷ್ಟರೊಬ್ಬರ ಹಿಂದೆ ಬಿದ್ದು ಎರಡು ವರ್ಷ ಕಲಿತು ಬರೆದದ್ದಂತೆ. ಅದು ಮಾಡುವ ಕೆಲಸ ಇಷ್ಟೇ. ಗಿರಾಕಿ ಬಂದು ಕುಳಿತಾಗ ಮೇಲಿನ ಸಾಲಿನಲ್ಲಿ ಮದುವೆ, ಗೃಹಪ್ರವೇಶ, ಬಿಲ್ ಪುಸ್ತಕ, ಇತರೆ ಎಂಬ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಆಮೇಲೆ ಮದುಮಗಳ ಹೆಸರನ್ನೋ ಮನೆಯ ಹೆಸರನ್ನೋ ಟೈಪ್ ಮಾಡಬೇಕು. ಅದೇ ಹೆಸರು ಕಂಪ್ಯೂಟರಿನಲ್ಲಿರುವ ಬೇರೆ ಬೇರೆ ಅಕ್ಷರಗಳಲ್ಲಿ ಸಾಲಾಗಿ ಮೂಡುತ್ತಿತ್ತು. ನಾವು ಫಾಂಟ್ ಎನ್ನುವುದನ್ನು ಸಾಬರು ಅಕ್ಷರ ಎಂದೇ ಅನ್ನುತ್ತಿದ್ದರು. ಗಿರಾಕಿ ಬೆರಳಿಟ್ಟು ತೋರಿಸಿದ್ದನ್ನು ಒತ್ತಿದರೆ ಆಯಿತು. ಫಾಂಟುಗಳಿಗೆ ಇಂಗ್ಲಿಷಿನಲ್ಲಿ ಏನೇನೋ ಸಂಕೇತದ ಹೆಸರುಗಳಿರುತ್ತವೆ. ಸಾಬರಿಗೆ ಅವುಗಳ ಗೊಡವೆಯೇ ಬೇಡ. ಅಕ್ಷರದ ಮುಖ ನೋಡಿ ಗುರುತು ಹಿಡಿಯುವ ಅವರಿಗೆ ಮೊಳೆಪೆಟ್ಟಿಗೆ ಇಲ್ಲದಿದ್ದರೆ ಕಂಪ್ಯೂಟರಿನ ಮುಂದೆ ಕುಳಿತೂ ಪ್ರಯೋಜನವಿರಲಿಲ್ಲ.

ಮನೆಯವರೆಲ್ಲ ಕುರ್ಚಿ ಎಳೆದುಕೊಂಡು ಆ ಪರದೆಯ ಮುಂದೆ ಕುಳಿತು ಚರ್ಚೆಗೆ ತೊಡಗಿದರೆ ಮುಗಿಯುತ್ತಲೇ ಇರಲಿಲ್ಲ. ಶೃಂಗೇರಿ ಕಡೆಯವರಿಗೆ ದಪ್ಪನೆಯ, ಹಳೆಯ ಪಂಚಾಂಗದಂಥ ಅಕ್ಷರವೇ ಆಗಬೇಕು. ಪೇಟೆಯ ವ್ಯಾಪಾರಸ್ಥರಿಗೆ ಬಳ್ಳಿ ಸುತ್ತಿದಂಥದ್ದು. ಗಂಡಿನ ಕಡೆಯವರು ಒಂದಕ್ಕೆ ಬೆರಳಿಟ್ಟರೆ ಹೆಣ್ಣಿನ ಕಡೆಯವರು ಇನ್ನೊಂದಕ್ಕೆ. ಆಗ ಸಾಬರು ಹಿಂದಿನಿಂದ ಮೆಲ್ಲಗೆ, ಇದು ನಿಮ್ಮ ಕಾಗದಕ್ಕೆ ಕೂರ್ತದೆ ನೋಡಿ ಎಂದು ಮೂರನೆಯದನ್ನು ತೋರಿಸಿದರೆ ಇಬ್ಬರೂ ತೆಪ್ಪಗಾಗುತ್ತಿದ್ದರು.

ಇನ್ನೊಂದು ರೂಢಿಯೂ ಇತ್ತು. ಪ್ರೆಸ್ಸಿನ ಪಕ್ಕದ ಸಂದಿಯಲ್ಲಿ ಒಂದು ಬಾಗಿಲು. ಸಾವಿನ ಮನೆಯವರು ಕಾಗದ ಮಾಡಿಸಲು ಬಂದರೆ ಆ ಬಾಗಿಲಿನಿಂದಲೇ ಬರುತ್ತಿದ್ದರು. ಮುಂದಿನ ಬಾಗಿಲಲ್ಲಿ ಮದುವೆಯವರು ಕುಳಿತಿರುತ್ತಾರೆ, ಎದುರಾಗಬಾರದು ಎಂದು ಊರಿನವರಿಗೆಲ್ಲ ಗೊತ್ತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಬಂದರೆ ಸಾಬರು ಎದ್ದು ಹೋಗಿ, ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತು, ತಗ್ಗಿದ ದನಿಯಲ್ಲಿ ಮಾತಾಡಿ, ವಿಷಯ ಬರೆದುಕೊಳ್ಳುತ್ತಿದ್ದರು. ಆಮೇಲೆ ನಾನು ಕುರ್ಚಿ ಬಿಟ್ಟುಕೊಟ್ಟು ಹೊರಗೆ ಬಂದು ಕವರ್ ಜೋಡಿಸಬೇಕು. ಅದು ಸಾಬರ ಕೆಲಸ ಎನ್ನುತ್ತಿದ್ದರು ಬಸವರಾಜಪ್ಪ. ನಾನು ಹೆಚ್ಚು ಕೇಳಲಿಲ್ಲ.

ಫಾಲ್ಗುಣ ಬರುವಷ್ಟರಲ್ಲಿ ಭದ್ರಾ ಹಿನ್ನೀರು ಇಳಿದು, ದಂಡೆಯ ಮಣ್ಣು ಬಿರಿದು, ಮುಳುಗಿದ ಮರಗಳ ಬೊಡ್ಡೆಗಳು ಕಾಣತೊಡಗಿದವು. ಪ್ರೆಸ್ಸಿನ ತಗಡಿನ ಮಾಡು ಮಧ್ಯಾಹ್ನದ ಹೊತ್ತಿಗೆ ಕಾವಲಿಯಂತೆ ಕಾಯುತ್ತಿತ್ತು. ಗಳಿಗೆಗೊಮ್ಮೆ ಕರೆಂಟು ಹೋಗುತ್ತಿತ್ತು. ಆ ಹಳೆಯ ಕಂಪ್ಯೂಟರು ಪ್ರತಿ ಸಲವೂ ಏಳಲೋ ಬೇಡವೋ ಎಂದು ಯೋಚಿಸಿ ಏಳುತ್ತಿತ್ತು. ಕೊನೆಗೆ ಒಂದು ದಿನ ಏಳಲು ಅರ್ಧ ಗಂಟೆ ತೆಗೆದುಕೊಂಡಾಗ, ಬಸವರಾಜಪ್ಪ ಶಿವಮೊಗ್ಗಕ್ಕೆ ಹೋಗಿ ಹೊಸದನ್ನು ತಂದೇಬಿಟ್ಟರು. ಅಗಲವಾದ ಪರದೆ, ಸದ್ದಿಲ್ಲದ ಪೆಟ್ಟಿಗೆ. ಅದರಲ್ಲಿ ಮೊಳೆಪೆಟ್ಟಿಗೆಯನ್ನು ಹಾಕಿ ಒತ್ತಿದರೆ, ಯಾವುದೋ ಭಾಗ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿ ಮುಚ್ಚಿಕೊಂಡಿತು.

ಸಾಬರು ಚಹಾಕ್ಕೆ ಹೋದಾಗ ಯಜಮಾನರು ನನ್ನನ್ನು ಕರೆದರು.

"ಮೇಡಂ, ನೀವು ಇದನ್ನೇ ಓದ್ಕಂಡು ಬಂದವರು. ಪೆಟ್ಟಿಗೆ ಹೊಸ ಮಷೀನಲ್ಲಿ ನಡೆದ್ರೆ ಸಾಬರೂ ನಡೀತಾರೆ. ನಡೀಲಿಲ್ಲ ಅಂದ್ರೆ, ಈ ಸೀಸನ್ ಮುಗಿದ ಮೇಲೆ ಅವ್ರಿಗೆ ಮನೇಲಿರಿ ಅನ್ಬೇಕಾಗ್ತದೆ. ನಂಗೂ ಹೇಳ್ಲಿಕ್ಕೆ ಬಾಯಿ ಬರ್ತಿಲ್ಲ."

ಕೆಟ್ಟ ಮನುಷ್ಯರಲ್ಲ ಅವರು. ಆದರೆ ಹೊಸ ಯಂತ್ರದ ಮುಂದೆ ಕೂರಲಾಗದವರನ್ನು ಇಟ್ಟುಕೊಂಡು ಏನು ಮಾಡುವುದು ಎಂಬ ಅವರ ಲೆಕ್ಕವೂ ತಪ್ಪೆನ್ನುವಂತಿರಲಿಲ್ಲ. ವಿಷಯ ಸಾಬರಿಗೂ ಅಂದಾಜಿತ್ತು. ಮರುದಿನ ಅವರು ಮದುವೆ ಕಾಗದದ ಹಳೆಯ ಕವರೊಂದನ್ನು ನನ್ನ ಮೇಜಿನ ಮೇಲಿಟ್ಟರು. ಒಳಗೆ ಗೀರುಬಿದ್ದ ಒಂದು ಸಿ.ಡಿ. ಮೊಳೆಪೆಟ್ಟಿಗೆಯ ಮೂಲ ಬರಹವೆಲ್ಲ ಅದರಲ್ಲಿದೆ ಎಂದರು. ನೋಡಿ, ಆದರೆ ಆಯಿತು, ಆಗದಿದ್ದರೆ ಬೇಜಾರಿಲ್ಲ ಎಂದರು. ಬೇಜಾರಿಲ್ಲ ಎಂದವರು ಅಲ್ಲಿಂದ ಕದಲದೆ ನಿಂತೇ ಇದ್ದರು. ಆಮೇಲೆ ತಮ್ಮ ಕೈಯನ್ನೇ ನೋಡಿಕೊಳ್ಳುತ್ತ, "ಮನೇಲಿ ಕೂತ್ರೆ ಈ ಕೈ ಎಂತ ಮಾಡ್ಬೇಕು ಹೇಳಿ" ಎಂದರು.

ಆವತ್ತಿನಿಂದ ಹೆಚ್ಚುಕಡಿಮೆ ಒಂದು ತಿಂಗಳು ನನಗೆ ಬೇರೆ ಯೋಚನೆಯೇ ಇರಲಿಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದೆನೇ ಹೊರತು, ಒಬ್ಬರ ಹೊಟ್ಟೆಪಾಡಿಗೆ ಬೇಕಾದ ಪ್ರೋಗ್ರಾಂ ಒಂದನ್ನು ಮುಟ್ಟಿದವಳಲ್ಲ. ಸಾಬರ ಬರಹ ಓದುತ್ತ ಹೋದರೆ ನಗುವೂ ಬರುತ್ತಿತ್ತು, ಗೌರವವೂ ಬರುತ್ತಿತ್ತು. ಒಂದೇ ಕೆಲಸಕ್ಕೆ ಐದು ಕಡೆ ಐದು ಥರ ಬರೆದಿದ್ದರು. ಆದರೆ ಯಾವ ಅಕ್ಷರಕ್ಕೆ ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕು, ಯಾವುದರ ಒತ್ತಕ್ಷರ ಕೆಳಗಿನ ಸಾಲಿಗೆ ತಗಲುತ್ತದೆ ಎಂಬುದನ್ನೆಲ್ಲ ಒಂದೊಂದಕ್ಕೂ ಅಳೆದು ಬರೆದಿಟ್ಟಿದ್ದರು. ಅಂಥ ಅಳತೆ ದುಡ್ಡು ಕೊಟ್ಟು ತಂದ ದೊಡ್ಡ ಪ್ರೋಗ್ರಾಮುಗಳಲ್ಲೂ ನಾನು ಕಂಡಿರಲಿಲ್ಲ.

ಮೊದಲು ಸಿಗದಿದ್ದ ಭಾಗದ ಬದಲಿಗೆ ಬೇರೆ ಬರೆದೆ. ಚೌಕ ಪರದೆಗೆಂದು ಕತ್ತರಿಸಿದ್ದ ಕಿಟಕಿಯನ್ನು ಅಗಲ ಮಾಡಿದೆ. ಫಾಂಟುಗಳು ಹೆಚ್ಚಾದರೆ ನಡುವೆ ನಿಂತುಹೋಗುವ ಕಾಯಿಲೆ ಅದಕ್ಕಿತ್ತು, ಅದಕ್ಕೂ ಮದ್ದು ಸಿಕ್ಕಿತು. ಎಲ್ಲಕ್ಕಿಂತ ಕಷ್ಟವಾದದ್ದು ಬೇರೆ, ಹೊಸ ಕಂಪ್ಯೂಟರು ಯೂನಿಕೋಡ್ ಎಂಬ ಈಗಿನ ಸಂಕೇತದಲ್ಲಿ ಬರೆಯುತ್ತಿತ್ತು. ಹಳೆಯ ಫಾಂಟುಗಳಿಗೆ ಅದು ಅರ್ಥವಾಗದು. ಮದುಮಗಳ ಹೆಸರು ಟೈಪ್ ಮಾಡಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳ ಕಲಸುಮೇಲೋಗರ ಬರುತ್ತಿತ್ತು. ಒಂದನ್ನು ಇನ್ನೊಂದಕ್ಕೆ ಬದಲಿಸುವ ಭಾಗ ಬರೆಯಲು ಮೂರು ವಾರ ಹಿಡಿಯಿತು. ಸಾಬರು ಪಕ್ಕದಲ್ಲಿ ಕುಳಿತು, ಪರದೆಗೆ ಮೂಗು ತಾಗುವಷ್ಟು ಬಾಗಿ ಒಂದೊಂದೇ ಅಕ್ಷರ ನೋಡುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ನನಗೆ ಕಾಣದ ತಪ್ಪು ಅವರಿಗೆ ಕಾಣುತ್ತಿತ್ತು. ಅಷ್ಟರಲ್ಲಿ ಗುಡುಗಿದರೆ ಪ್ಲಗ್ಗುಗಳನ್ನೆಲ್ಲ ಕಿತ್ತು, ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ ನಿಲ್ಲುವವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದೆವು. ಆ ವರ್ಷ ಹೂಮಳೆ ಚೆನ್ನಾಗಿಯೇ ಬಂತು. ಸಂಜೆ ಬಸ್ಸಿನ ಕಿಟಕಿಯಲ್ಲಿ ಕಾಫಿ ಹೂವಿನ ವಾಸನೆ ಕೊಪ್ಪದವರೆಗೂ ಜೊತೆಗೆ ಬರುತ್ತಿತ್ತು. ಕೆಲಸ ಕಳೆದುಕೊಂಡ ದುಃಖ ಯಾವಾಗ ಹೋಯಿತೋ ನನಗೇ ಗೊತ್ತಾಗಲಿಲ್ಲ.

ಯುಗಾದಿಯ ಹಿಂದಿನ ದಿನ ಮೊಳೆಪೆಟ್ಟಿಗೆ ಹೊಸ ಯಂತ್ರದಲ್ಲಿ ತೆರೆದುಕೊಂಡಿತು. ಸಾಬರು ತಮ್ಮ ಹೆಸರನ್ನು ಟೈಪ್ ಮಾಡಿ, ಅದು ಸಾಲುಸಾಲಾಗಿ ಮೂಡಿದ್ದನ್ನು ಕೆಳಗಿನವರೆಗೆ ನೋಡಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಇನ್ನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬರುತ್ತೇನೆ ಎಂದು ಶಿವಮೊಗ್ಗಕ್ಕೆ ಹೊರಟರು. ಹದಿನೈದು ದಿನ ಬರುವಂತಿರಲಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆದರೆ ನನ್ನ ಸ್ವಭಾವ ನೋಡಿ, ಯಾರದೋ ಮನೆಯ ಗೋಡೆಯಲ್ಲಿ ಕ್ಯಾಲೆಂಡರು ಓರೆಯಾಗಿ ನೇತಾಡುತ್ತಿದ್ದರೂ ಎದ್ದು ಹೋಗಿ ನೇರ ಮಾಡದಿದ್ದರೆ ಕೂರಲಾಗದು. ಸಾಬರಿಲ್ಲದ ಹೊತ್ತಿನಲ್ಲಿ ಪ್ರೋಗ್ರಾಮನ್ನು ಇನ್ನಷ್ಟು ಸುಧಾರಿಸೋಣ ಎಂದುಕೊಂಡೆ. ಫಾಂಟುಗಳ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆಯೂ ಒಂದರಿಂದ ಆರರವರೆಗೆ ಖಾನೆಯ ಸಂಖ್ಯೆ ಇತ್ತು. ಮೂರನೇ ಖಾನೆಯ ಫಾಂಟುಗಳು ಮದುವೆಯ ಗುಂಡಿ ಒತ್ತಿದರೆ ಬರುತ್ತಲೇ ಇರಲಿಲ್ಲ, ಗೃಹಪ್ರವೇಶಕ್ಕೂ ಬರುತ್ತಿರಲಿಲ್ಲ. ಇತರೆ ಒತ್ತಿದರೆ ಮಾತ್ರ. ಹುಡುಕಿದರೆ, ಅವನ್ನು ಬಿಟ್ಟು ಮುಂದೆ ಹೋಗು ಎಂಬ ಒಂದು ಸಾಲು ಸಿಕ್ಕಿತು. ಅದರ ಪಕ್ಕದಲ್ಲಿ ಇದನ್ನು ಮುಟ್ಟಬೇಡಿ ಎಂದು ಸಾಬರು ಬರೆದಿದ್ದರು. ಏಕೆ ಎಂದು ಮಾತ್ರ ಬರೆದಿರಲಿಲ್ಲ. ಹಳೆಯ ಕಂಪ್ಯೂಟರಿಗೆ ಅಷ್ಟೊಂದು ಫಾಂಟು ಹೊರಲಾಗದೆ ಕೆಲವನ್ನು ಬಚ್ಚಿಟ್ಟಿರಬೇಕು, ಈಗ ಆ ಕಷ್ಟ ಇಲ್ಲವಲ್ಲ ಎಂದು ನಾನೇ ತೀರ್ಮಾನ ಮಾಡಿದೆ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಓದಿದವಳೆಂಬ ಕೊಬ್ಬು, ಕೇಳಲಿಲ್ಲ. ಆ ಸಾಲನ್ನು ಅಳಿಸಿದೆ. ಖಾನೆಗಳನ್ನೆಲ್ಲ ಒಡೆದು ಎಲ್ಲ ಫಾಂಟುಗಳನ್ನೂ ಎಲ್ಲ ಗುಂಡಿಗೂ ಬರುವಂತೆ ಮಾಡಿದೆ. ಎಷ್ಟು ಚೆಂದದ ಅಕ್ಷರಗಳು ಸುಮ್ಮನೆ ಕತ್ತಲಲ್ಲಿದ್ದವು, ನಾನು ಬಿಡಿಸಿದೆ ಎಂದು ಬೀಗಿದೆ.

ಅದರ ಮರುವಾರ ಶೆಟ್ಟಿಕೊಪ್ಪದಿಂದ ಗಿರಿಜಮ್ಮ ಎಂಬವರು ಮಗಳು ಸಿಂಧುವನ್ನು ಕರೆದುಕೊಂಡು ಬಂದರು. ಮದುವೆಗೆ ಇನ್ನು ಮೂರು ವಾರ. ಸಿಂಧು ಹಾಸ್ಟೆಲಿನಲ್ಲಿದ್ದು ಮಂಗಳೂರಿನಲ್ಲಿ ಓದಿದ ಹುಡುಗಿ. ಪರದೆಯ ಮೇಲೆ ತನ್ನ ಹೆಸರು ಮೂಡುತ್ತ ಹೋದಂತೆ ಒಂದರಲ್ಲಿ ಬೆರಳಿಟ್ಟು, ಇದೇ ಎಂದಳು. ತೆಳ್ಳಗೆ, ನೆಟ್ಟಗೆ, ಯಾವ ಆಡಂಬರವೂ ಇಲ್ಲದ ಅಕ್ಷರ. ನನಗೂ ಅದೇ ಹಿಡಿಸಿತ್ತು. ಗಿರಿಜಮ್ಮ ಒಂದು ಗಳಿಗೆ ನೋಡಿ, ಎಲ್ಲೋ ನೋಡಿದ ಹಾಗಿದೆ ಎಂದರು. ಆದರೆ ಪರದೆಯಲ್ಲಿದ್ದದ್ದು ಮಗಳ ಹೆಸರು ಮಾತ್ರ. ಜೊತೆಗೆ ಚಿನ್ನದಂಗಡಿಗೆ ಹೋಗುವ ಅವಸರ ಬೇರೆ. ಬಸವರಾಜಪ್ಪ ಅದನ್ನು ಅಚ್ಚು ಹಾಕಿದರು. ಅಕ್ಷರ ನೋಡುವುದು ಸಾಬರ ಕೆಲಸ, ಮಸಿ ನೋಡುವುದು ನನ್ನದು ಎಂದು ಅಷ್ಟು ವರ್ಷ ಬದುಕಿದ ಮನುಷ್ಯ. ಕೆಂಪು ಮಸಿ ಸರಿಯಾಗಿ ಕೂತಿದೆಯೇ ಎಂದು ನೋಡಿದರು, ಕಟ್ಟು ಕಟ್ಟಿ ಸ್ಕೂಟರಿಗೆ ಹಾಕಿಕೊಂಡು ಹೋಗಿ ಕೊಟ್ಟು ಬಂದರು.

ಮರುದಿನ ಬೆಳಿಗ್ಗೆ ಗಿರಿಜಮ್ಮ ಕಟ್ಟಿನೊಂದಿಗೇ ಬಂದರು. ಬೈಯಲಿಲ್ಲ. ಕಟ್ಟನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದರು. ಮೊದಲ ಕಾಗದವನ್ನು ದೇವರ ಮುಂದಿಡುವ ಮೊದಲು ಮಾವನವರಿಗೆ ತೋರಿಸೋಣ ಎಂದು ಜಗಲಿಗೆ ತಂದಿದ್ದಾರೆ. ಮಾವನವರಿಗೆ ಎಂಬತ್ತು ದಾಟಿದೆ. ಕನ್ನಡಕ ಹಾಕಿಕೊಂಡಿರಲಿಲ್ಲ, ಓದಲಂತೂ ಆಗುತ್ತಿರಲಿಲ್ಲ. ಸೊಸೆಯ ಕೈಯಲ್ಲಿದ್ದ ಕಾಗದವನ್ನು ದೂರದಿಂದಲೇ ನೋಡಿ, ಕುಳಿತಲ್ಲಿಂದ ಎದ್ದು ನಿಂತು ಕೇಳಿದರಂತೆ:

"ಯಾರು ಶಿವೈಕ್ಯ ಆದ್ರು?"

ಗಿರಿಜಮ್ಮನಿಗೆ ಆಗ ಹೊಳೆದಿದೆ, ಆ ಅಕ್ಷರವನ್ನು ತಾನು ಎಲ್ಲಿ ನೋಡಿದ್ದೆನೆಂದು. ತಾಲ್ಲೂಕಿನಲ್ಲಿ ಯಾವ ಮನೆಯ ಶಿವಗಣಾರಾಧನೆಯ ಕಾಗದ ಬಂದರೂ, ವೈಕುಂಠ ಸಮಾರಾಧನೆಯದು ಬಂದರೂ, ಅದೇ ತೆಳ್ಳನೆಯ ಅಕ್ಷರ. ಬೇರೆ ತಾಲ್ಲೂಕಿನವಳಾದ ನನಗೆ ಅದರ ಗುರುತಿರಲಿಲ್ಲ. ಸಾವಿನ ಸುದ್ದಿ ಹೊತ್ತು ಮನೆಮನೆಗೆ ಹೋದ ಅಕ್ಷರ. ಜನ ಓದುವ ಮೊದಲೇ ಅದರ ಮುಖ ನೋಡಿ ಅಯ್ಯೋ ಎಂದುಕೊಂಡು ಕವರು ಬಿಚ್ಚುತ್ತಿದ್ದರು. ಅದರಲ್ಲಿ ನಾನು ಮದುವೆ ಕರೆಯ ಕಾಗದ ಮಾಡಿ ಕಳಿಸಿದ್ದೆ. ಸಿಂಧು ಹಿಂದಿನ ದಿನದಿಂದ ಊಟ ಮಾಡಿರಲಿಲ್ಲವಂತೆ. ನಾನೇ ಆರಿಸಿದ್ದು, ನಾನೇ ಆರಿಸಿದ್ದು ಎಂದು ಅಳುತ್ತಿದ್ದಾಳೆ ಎಂದರು ಗಿರಿಜಮ್ಮ. ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಬಸವರಾಜಪ್ಪ ಕೈಮುಗಿದು, ಬೇರೆ ಕಾಗದ ಮಾಡಿಕೊಡುತ್ತೇನೆ, ನಾಲ್ಕು ದಿನ ಕೊಡಿ ಎಂದು ಅವರನ್ನು ಕಳಿಸಿ ನನ್ನ ಕಡೆ ತಿರುಗಿದರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಆದರೆ ಅವರು ಬೈದದ್ದು ಮೊಳೆಪೆಟ್ಟಿಗೆಯನ್ನು. ಹಳೇ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಕೂರದೆ ಎಲ್ಲ ಕಲಸಿಹಾಕಿದೆ, ತೆಗೆದುಬಿಡಿ ಮೇಡಂ ಅದನ್ನು, ಸಾಬರು ಬಂದ ಮೇಲೆ ನಾನೇ ಹೇಳುತ್ತೇನೆ ಎಂದರು. ಮುಖ ಸಣ್ಣದು ಮಾಡಿಕೊಂಡು ಯಂತ್ರದ ಕಡೆ ಹೋದರು.

ಆಗ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ. ಕಾಲೇಜಿನ ಕೆಲಸ ಹೋಗಿ ಇನ್ನೂ ಮೂರು ತಿಂಗಳಾಗಿರಲಿಲ್ಲ, ಇದೂ ಹೋದರೆ ಎಂಬ ಹೆದರಿಕೆ. ಪ್ರೋಗ್ರಾಮನ್ನು ತೆಗೆಯಲೂ ಇಲ್ಲ, ಹೇಳಲೂ ಇಲ್ಲ. ಸಂಜೆ ಬಸ್ಸು ಶೆಟ್ಟಿಕೊಪ್ಪದಲ್ಲಿ ನಿಂತಾಗ, ಯಾರೋ ಕಿಟಕಿಯೊಳಗೆ ಇಣುಕಿ ನನ್ನನ್ನು ಗುರುತು ಹಿಡಿಯುತ್ತಾರೆಂಬಂತೆ ತಲೆ ತಗ್ಗಿಸಿ ಕುಳಿತೆ. ಮನೆಯಲ್ಲಿ ಅಮ್ಮ ಎಂತಾಯಿತೆಂದು ಕೇಳಿದರೆ ತಲೆನೋವು ಎಂದೆ.

ಮಾರನೇ ದಿನ ಮಧ್ಯಾಹ್ನ ಸಾಬರು ಬಂದರು. ಹದಿನೈದು ದಿನ ಕಳೆದಿರಲಿಲ್ಲ. ಕಪ್ಪು ಕನ್ನಡಕ ಹಾಕಿ, ಮಗನ ಕೈ ಹಿಡಿದು ಬಂದಿದ್ದರು. ಸುದ್ದಿ ಪೇಟೆಯಲ್ಲೆಲ್ಲ ಹರಡಿ ಅವರ ಕಿವಿಗೂ ಬಿದ್ದಿತ್ತು. ಮಗನನ್ನು ಕಳಿಸಿ, ನೇರವಾಗಿ ಬಸವರಾಜಪ್ಪನವರ ಮುಂದೆ ನಿಂತರು. ಪ್ರೋಗ್ರಾಂ ಬರೆದವನು ನಾನು, ಅದು ಮಾಡಿದ ತಪ್ಪು ನನ್ನದೇ ತಪ್ಪು, ಶೆಟ್ಟಿಕೊಪ್ಪಕ್ಕೆ ನಾನೇ ಹೋಗಿ ಕೈಮುಗಿದು ಬರುತ್ತೇನೆ ಎಂದರು. ಇನ್ನು ನನ್ನನ್ನು ಬಿಟ್ಟುಬಿಡಿ ಎಂದೂ ಅವರೇ ಹೇಳಿದರು. ಯಜಮಾನರು ಹೇಳಲಾರದೆ ಒದ್ದಾಡುತ್ತಿದ್ದ ಮಾತನ್ನು ಅವರೇ ಆಡಿ ಹಗುರ ಮಾಡಿಕೊಟ್ಟಂತಿತ್ತು. ಅವರ ಬೆರಳುಗಳು ಆಗಲೂ ಅಂಗಿಯ ಅಂಚನ್ನು ಹೆಕ್ಕುತ್ತಿದ್ದವು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಪೆಟ್ಟಿಗೆ ತಪ್ಪು ಮಾಡ್ಲಿಲ್ಲ ಸಾರ್. ಅದ್ರಲ್ಲಿ ಇದನ್ನು ಮುಟ್ಟಬೇಡಿ ಅಂತ ಸಾಬ್ರು ಬರ್ದಿದ್ರು. ನಾನು ಮುಟ್ಟಿದೆ. ಆ ಸಾಲು ತೆಗ್ದಿದ್ದು ನಾನು. ನಿನ್ನೆನೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಬಸವರಾಜಪ್ಪ ನನ್ನನ್ನು ನೋಡಿದರು, ಆಮೇಲೆ ಸಾಬರನ್ನು. ಒಂದು ಸ್ಟೂಲು ಎಳೆದುಕೊಂಡು ಕುಳಿತರು. ಸಾಬರೂ ಬೆಂಚಿನ ಮೇಲೆ ಕುಳಿತರು. ಏಕೆ ಮುಟ್ಟಬಾರದೆಂದು ಬರೆಯದೆ ಹೋದದ್ದು ನನ್ನ ತಪ್ಪು ಎಂದರು. ಬರೆಯಲು ಮನಸ್ಸೇ ಬಂದಿರಲಿಲ್ಲವಂತೆ. ಗಿರಾಕಿಗಳ ಎದುರಿಗೇ ತೆರೆದುಕೊಳ್ಳುವ ಪರದೆ. ಮದುವೆಯ ಮನೆಯವರು ಕುಳಿತಿರುವಾಗ ಸಾವು ಎಂಬ ಪದ ಅದರಲ್ಲೆಲ್ಲೂ ಕಾಣಬಾರದು, ಅದಕ್ಕೇ ಇತರೆ ಎಂದು ಗುಂಡಿ ಮಾಡಿ, ಮೂರು ಎಂದು ಸಂಖ್ಯೆ ಹಾಕಿ ಬಿಟ್ಟದ್ದು. ಮೊಳೆ ಜೋಡಿಸುವ ಕಾಲದಲ್ಲೂ ಹಾಗೆಯೇ, ಆ ಕೆಲಸದ ಅಕ್ಷರಗಳನ್ನು ಮೂರನೇ ಖಾನೆಯಲ್ಲಿಟ್ಟು ಬಾಯಲ್ಲಿ ಮೂರು ಎಂದಷ್ಟೇ ಅನ್ನುತ್ತಿದ್ದರಂತೆ.

ಆಮೇಲೆ ಆ ತೆಳ್ಳನೆಯ ಅಕ್ಷರದ ಕಥೆ ಹೇಳಿದರು. ಅದನ್ನು ಅವರು ತರಿಸಿದ್ದೇ ಮದುವೆಗೆಂದು. ಕಂಪ್ಯೂಟರಿಗೆ ಹಾಕಿದ ಸಂಜೆಯೇ ಪಕ್ಕದ ಬಾಗಿಲಿನಿಂದ ಜನ ಬಂದರು. ಊರಿಗೆ ಊರೇ ಪ್ರೀತಿಸುತ್ತಿದ್ದ ಶಾಲೆಯ ಮೇಷ್ಟರೊಬ್ಬರು ತೀರಿಕೊಂಡಿದ್ದರು. ಅಂಥವರಿಗೆ ಇರುವುದರಲ್ಲಿ ಒಳ್ಳೆಯ ಅಕ್ಷರವನ್ನೇ ಕೊಡಬೇಕು ಎನ್ನಿಸಿ ಸಾಬರು ಆ ಹೊಸದನ್ನೇ ಹಾಕಿದರು. ಕಾಗದ ತಾಲ್ಲೂಕಿನ ಮನೆಮನೆಗೂ ಹೋಯಿತು. ಮುಂದೆ ಯಾರ ಮನೆಯಲ್ಲಿ ಸಾವಾದರೂ ಮೇಷ್ಟರಿಗೆ ಮಾಡಿದ್ದ ಅಕ್ಷರದಲ್ಲೇ ಮಾಡಿಕೊಡಿ ಎಂದರು. ಮತ್ತೆ ಅದು ಮದುವೆಗೆ ಬರಲೇ ಇಲ್ಲ. ಅಕ್ಷರದ ತಪ್ಪೇನೂ ಇಲ್ಲ, ಮೊದಲ ಸಲ ಹೋದ ಮನೆ ಅಂಥದ್ದು ಎಂದರು ಸಾಬರು. ಹೇಳುತ್ತ ಕನ್ನಡಕದ ಕೆಳಗೆ ಟವೆಲ್ಲಿನ ತುದಿ ಒತ್ತಿಕೊಂಡರು. ಆಪರೇಷನ್ನಿನ ಕಣ್ಣಿಗೋ ಮತ್ತೇನಕ್ಕೋ ನಾನು ಕೇಳಲಿಲ್ಲ.

ಆ ಸಂಜೆಯೇ ಕುಳಿತು, ಅಳಿಸಿದ್ದ ಸಾಲನ್ನು ಮತ್ತೆ ಬರೆದೆ. ಆರೂ ಖಾನೆಗಳನ್ನು ಮೊದಲಿದ್ದ ಹಾಗೆಯೇ ಕಟ್ಟಿದೆ. ಬಸವರಾಜಪ್ಪ ಪ್ರೋಗ್ರಾಂ ತೆಗೆಯುವ ಮಾತನ್ನು ಮತ್ತೆ ಎತ್ತಲಿಲ್ಲ. ಇಡುವ ಮಾತನ್ನೂ ಆಡಲಿಲ್ಲ. ಸಾಬರ ವಿಷಯವಾಗಿಯೂ ಹಾಗೆಯೇ. ಸೀಸನ್ ಮುಗಿಯಲು ಇನ್ನು ಒಂದು ತಿಂಗಳಿತ್ತು.

ಎರಡು ದಿನ ಬಿಟ್ಟು ಗಿರಿಜಮ್ಮ, ಸಿಂಧು ಇಬ್ಬರೂ ಬಂದರು. ಜೊತೆಗೆ ಕೋಲೂರಿಕೊಂಡು ಸಿಂಧುವಿನ ಅಜ್ಜನೂ ಬಂದಿದ್ದರು. ಈ ಸಲ ತಾನೇ ನೋಡಬೇಕೆಂದು ಹಟ ಹಿಡಿದು ಬಂದದ್ದಂತೆ. ಸಾಬರು ಹೊಸ ಯಂತ್ರದ ಮುಂದೆ ಕುಳಿತು ಮದುವೆಯ ಗುಂಡಿ ಒತ್ತಿದರು. ಅಜ್ಜ ಒಂದೊಂದನ್ನೇ ನೋಡುತ್ತ, ಇದು ನಮ್ಮ ದೊಡ್ಡ ಮೊಮ್ಮಗಳ ಮದುವೆಯದು, ಇದು ಪಕ್ಕದ ಮನೆಯವರದು, ಇದು ಆ ಜಗಳ ಆಯಿತಲ್ಲ ಆ ಮದುವೆಯದು ಎನ್ನುತ್ತ ಹೋದರು. ನಾನು ಬೆರಗಾಗಿ ಕೇಳುತ್ತಿದ್ದೆ. ಸಿಂಧು ಯಾವುದಕ್ಕೂ ಹೂಂ ಎನ್ನಲಿಲ್ಲ. ಹುಡುಗಿಗೆ ಇನ್ನು ಯಾವುದರ ಮೇಲೆ ಬೆರಳಿಡಲೂ ಭಯ.

ಸಾಬರು ಅವಳ ಮುಖ ನೋಡಿ ನನ್ನ ಕಡೆ ತಿರುಗಿದರು. ಯೂನಿಕೋಡಿನ ಹೊಸ ಅಕ್ಷರ ಒಂದು ಇಳಿಸಿಟ್ಟಿದ್ದಿರಲ್ಲ, ಅದನ್ನು ಹಾಕಿ ಎಂದರು. ನಾನು ಅದನ್ನು ಪರೀಕ್ಷೆಗೆಂದು ಇಳಿಸಿಕೊಂಡಿದ್ದೆ. ಅದೂ ತೆಳ್ಳಗೆ, ನೆಟ್ಟಗೆ. ಆದರೆ ತುದಿಗಳು ದುಂಡಗೆ, ನಗುವ ಹಾಗೆ. ಪಟ್ಟಿಗೆ ಸೇರಿಸಿದಾಗ ಖಾನೆ ಎಷ್ಟು ಎಂದು ಪ್ರೋಗ್ರಾಂ ಕೇಳಿತು. ನಾನು ಸಾಬರನ್ನು ಕೇಳಿದೆ.

"ಇದು ಇನ್ನೂ ಯಾರ ಮನೆಗೂ ಹೋಗ್ಲಿಲ್ಲ ಟೀಚರಮ್ಮ" ಎಂದರು ಸಾಬರು. ಆಮೇಲೆ ಸಿಂಧುವಿಗೆ ಹೇಳಿದರು, "ನಿನ್ನ ಮದುವೇಗೇ ಮೊದ್ಲು ಹೋಗ್ಲಿ ಕೂಸೆ. ಆಮೇಲೆ ಇದು ಯಾವತ್ತಿಗೂ ಮದುವೇದೇ."

ಸಿಂಧುವಿನ ಹೆಸರು ಆ ಅಕ್ಷರದಲ್ಲಿ ಮೂಡಿತು. ಅವಳು ಅಜ್ಜನ ಮುಖ ನೋಡಿದಳು. ಅಜ್ಜ ಕನ್ನಡಕ ತೆಗೆದು, ಹಿಂದೆ ಸರಿದು, ದೂರದಿಂದೊಮ್ಮೆ ನೋಡಿ ತಲೆಯಾಡಿಸಿದರು. ಸಾಬರು ತಾವೇ ಮದುವೆಯ ಖಾನೆಯಾದ ಒಂದು ಎಂಬ ಸಂಖ್ಯೆಯನ್ನು ಒತ್ತಿ, ಈ ಸಲ ಏಕೆಂದು ಕನ್ನಡದಲ್ಲಿ ಬರೆದಿಡಿ ಎಂದರು. ನಾನು ಪಟ್ಟಿಯಲ್ಲಿ ಒಂದು ಹೊಸ ಜಾಗ ಮಾಡಿದೆ. ಗಿರಾಕಿಗಳ ಪರದೆಗೆ ಬಾರದ, ನಮಗೆ ಮಾತ್ರ ಕಾಣುವ ಜಾಗ. ಅವರು ಹೇಳಿದಂತೆಯೇ ಅಲ್ಲಿ ಬರೆದೆ: ಮೊದಲು ಹೋದದ್ದು ಶೆಟ್ಟಿಕೊಪ್ಪದ ಸಿಂಧುವಿನ ಮದುವೆಗೆ.

ಬಸವರಾಜಪ್ಪ ಮಸಿಯ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದು ನಿಂತಿದ್ದರು. ಆ ಸಾಲನ್ನು ಎರಡು ಸಲ ಓದಿದರು. ಅದರ ಮೇಲೂ ಕೆಳಗೂ ಇದ್ದ ಹಳೆಯ ಅಕ್ಷರಗಳ ಮುಂದೆ ಆ ಜಾಗ ಖಾಲಿಯಾಗಿತ್ತು. ಇವೆಲ್ಲ ಮೊದಲು ಯಾರ ಮನೆಗೆ ಹೋದವು ಎಂಬುದು ನಿಮಗೆ ನೆನಪಿದೆಯೇ ಎಂದು ಸಾಬರನ್ನು ಕೇಳಿದರು. ಎಲ್ಲವೂ ನೆನಪಿದೆ ಎಂದರು ಸಾಬರು. ಹಾಗಾದರೆ ಮೇಡಂ ಹತ್ತಿರ ಕುಳಿತು ಬರೆಸಿಬಿಡಿ, ಎಷ್ಟು ದಿನವಾದೀತು ಎಂದರು ಯಜಮಾನರು.

ಸಾಬರು ಪಟ್ಟಿಯ ಕೊನೆಯವರೆಗೆ ಕಣ್ಣಾಡಿಸಿದರು. ಸೀಸನ್ ಮುಗಿಯಲು ಒಂದೇ ತಿಂಗಳಿದ್ದದ್ದು ಅವರಿಗೂ ಗೊತ್ತಿತ್ತು. ಮೆಲ್ಲಗೆ ಹೇಳಿದರು:

"ಮಳೆಗಾಲ ಪೂರ್ತಿ ಬೇಕಾಗ್ತದೆ ಬಸಣ್ಣ."

ಬಸವರಾಜಪ್ಪ ಯಂತ್ರದ ಕಡೆ ತಿರುಗಿ ಹೋಗುತ್ತಲೇ ಹೇಳಿದರು:

"ಬೇಕಾದ್ರೆ ಬೇಕು ಮಾರಾಯ್ರೆ. ಕೊಡೆ ತಗಂಡು ಬನ್ನಿ."